ಕ್ಲಿಪ್ ಮೀಮಾಂಸೆ: ಮಿಷಿಗನ್ ಸರೋವರದಲ್ಲಿ ಗಾಳದ ದಾರ ಕಚ್ಚಿ ಬಿಡುವ ಉಪಕರಣದ ಸಪ್ರಮಾಣ ವಿವೇಚನೆ

1. ಪ್ರಸ್ತಾವನೆ

ದೊಡ್ಡ ವಿಷಯದ ಮೇಲೆ ಚಿಕ್ಕ ಪ್ರಬಂಧ, ಚಿಕ್ಕ ವಿಷಯದ ಮೇಲೆ ದೊಡ್ಡ ಪ್ರಬಂಧ: ಇದು ವಿದ್ವತ್ ಲೋಕದ ಅಲಿಖಿತ ಸಂವಿಧಾನ. ಅದಕ್ಕೆ ಚ್ಯುತಿ ಬಾರದಂತೆ ಪ್ರಸ್ತುತ ಪ್ರಬಂಧವು ಬೆರಳುದ್ದದ ಒಂದು ಕ್ಲಿಪ್ಪನ್ನು ಕೈಗೆತ್ತಿಕೊಂಡಿದೆ. ಈ ಕ್ಲಿಪ್ಪಿಗೆ ವಿಧಿಸಿರುವ ಕರ್ತವ್ಯ ಎರಡೇ. ಗಾಳದ ದಾರವನ್ನು ಕಚ್ಚಿ ಹಿಡಿಯುವುದು. ಮೀನು ಬಂದಾಗ ಬಿಟ್ಟುಬಿಡುವುದು. ಇಷ್ಟು ಸರಳವಾದ ಕೆಲಸದ ಬಗ್ಗೆ ಒಂದೇ ದೋಣಿಯಲ್ಲಿ ಕೂತ ಇಬ್ಬರು ಒಂದೇ ಮಾತು ಆಡಿದ್ದನ್ನು ಯಾರೂ ಕೇಳಿದಂತಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಒಂದು ಪ್ರಾಣಿಯಾದರೂ ದಡದ ಕಡೆಗಿದೆ. ಇಲ್ಲಿ ಎರಡೂ ನೀರಿನಲ್ಲೇ ಇವೆ.

ಅಧ್ಯಯನದ ಕ್ಷೇತ್ರ ಅಮೆರಿಕದ ಮಿಷಿಗನ್ ಸರೋವರ. ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್, ಅತಿ ಹೆಚ್ಚಿನ ಆಳ 281 ಮೀಟರ್. ಕರ್ನಾಟಕದ ಕಾಲುಭಾಗಕ್ಕಿಂತ ದೊಡ್ಡದಾದ ಈ ಜಲರಾಶಿಯನ್ನು ಬಿಟ್ಟು ಪ್ರಬಂಧಕಾರನು ಬೆರಳುದ್ದದ ವಸ್ತುವಿಗೆ ತನ್ನನ್ನು ಕಟ್ಟಿಹಾಕಿಕೊಂಡಿರುವುದು ಅಧ್ಯಯನದ ಮಿತಿಯಲ್ಲ, ಆಳ ಎಂದು ತಿಳಿಯಬೇಕಾಗಿ ವಿನಂತಿ.

ಕರಾವಳಿಯ ಓದುಗರು ಇದನ್ನು ಟ್ರಾಲ್ ಬೋಟಿನ ಬಲೆಯ ವಿಷಯವೆಂದು ಭಾವಿಸಬಾರದು. ಇಲ್ಲಿ ಬಲೆ ಇಲ್ಲ. ನಿಧಾನವಾಗಿ ಸಾಗುವ ದೋಣಿಯ ಹಿಂದೆ ಗಾಳ ಕಟ್ಟಿದ ದಾರಗಳನ್ನು ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಎಂದು ಹೆಸರು. ಆ ದಾರವನ್ನು ಬೇಕಾದ ಆಳಕ್ಕೆ ಇಳಿಸಿ ನಿಲ್ಲಿಸುವ ಯಂತ್ರ ಡೌನ್‌ರಿಗ್ಗರ್. ದಾರಕ್ಕೂ ಯಂತ್ರಕ್ಕೂ ತಾತ್ಕಾಲಿಕ ನಂಟು ಕಲ್ಪಿಸುವುದು ರಿಲೀಸ್ ಎಂಬ ನಮ್ಮ ಕ್ಲಿಪ್ಪು.

2. ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡುವುದು ಹಿರಿಯರ ಪದ್ಧತಿ. ನಡುವೆ ಎದ್ದು ಹೋಗುವವರು ಆಗಲೇ ಹೋಗಲಿ ಎಂಬ ಉದಾರ ಬುದ್ಧಿ ಅದರ ಹಿಂದಿದೆ.

ವಿಷಯ: ಕ್ಲಿಪ್ಪಿನ ಆಯ್ಕೆ ಮತ್ತು ಅದರ ಬಿಗಿತ. ಪ್ರಯೋಜನ: ಮೀನು, ಅದು ಸಿಗದಿದ್ದಲ್ಲಿ ಸಿಗದಿರುವುದಕ್ಕೊಂದು ಗೌರವಯುತ ಕಾರಣ. ಸಂಬಂಧ: ಕ್ಲಿಪ್ಪಿಗೂ ಮೀನಿಗೂ ಇರತಕ್ಕದ್ದು, ಅದೂ ಒಂದೇ ಕ್ಷಣದ ಮಟ್ಟಿಗೆ. ಅಧಿಕಾರಿ: ಬೆಳಗಿನ ನಾಲ್ಕು ಗಂಟೆಗೆ ಎದ್ದೂ ಮುಖ ಗಂಟಿಕ್ಕದವನು, ಹೊಟ್ಟೆ ತೊಳಸಿದಾಗ ದೋಣಿಯ ಗಾಳಿ ಬೀಸುವ ಬದಿಯನ್ನು ಬಿಟ್ಟು ಇನ್ನೊಂದು ಬದಿಗೆ ಬಾಗುವ ವಿವೇಕ ಉಳ್ಳವನು, ವಯಸ್ಸು 17 ತುಂಬಿದ್ದರೆ ಮಿಷಿಗನ್ ರಾಜ್ಯದ ಮೀನುಗಾರಿಕೆ ಪರವಾನಗಿಯನ್ನು ಜೇಬಿನಲ್ಲಿ ಇಟ್ಟುಕೊಂಡವನು. ಕೊನೆಯ ಅರ್ಹತೆಯ ವಿಷಯದಲ್ಲಿ ಮಾತ್ರ ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ತರ್ಕಕ್ಕೆ ಇಳಿಯುವುದಿಲ್ಲ.

3. ಪೂರ್ವಸೂರಿಗಳ ಮೌನ

ಹನ್ನೆರಡನೆಯ ಶತಮಾನದ ಕಲ್ಯಾಣಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆ, ಅಡುಗೆ, ಆಭರಣ, ಸಂಗೀತ ಯಾವುದನ್ನೂ ಬಿಟ್ಟಿಲ್ಲ. ‘ಮತ್ಸ್ಯವಿನೋದ’ ಎಂಬ ಅಧ್ಯಾಯವನ್ನೇ ಮೀಸಲಿಟ್ಟು ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಎರೆ, ಗಾಳದ ಕೋಲು, ದಾರ ಎಲ್ಲವನ್ನೂ ವಿವರಿಸಿದ್ದಾನೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಇಂಥ ಸರ್ವಜ್ಞ ದೊರೆಯೂ ಡೌನ್‌ರಿಗ್ಗರ್ ಕ್ಲಿಪ್ಪಿನ ಬಗ್ಗೆ ಒಂದಕ್ಷರ ಬರೆದಿಲ್ಲ.

ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ, ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯದೆಂದು ಹೇಳಲಾಗುವ ಗಾಳಶಾಸ್ತ್ರದಲ್ಲೂ ಮೌನ. 1653ರಲ್ಲಿ ಐಸಾಕ್ ವಾಲ್ಟನ್ ಬರೆದ ಪ್ರಖ್ಯಾತ ಗ್ರಂಥದಲ್ಲೂ ಮೌನ. ಮದರಾಸು ಸಿವಿಲ್ ಸರ್ವಿಸ್‌ನ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ ಬರೆದು 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ದಲ್ಲಿ ಮಹಶೀರ್ ಮೀನಿಗೆ ಬೇಕಾದಷ್ಟು ಪುಟಗಳಿವೆ, ನಮ್ಮ ಕ್ಲಿಪ್ಪಿಗೆ ಅರ್ಧ ಸಾಲೂ ಇಲ್ಲ.

ಆ ಕಾಲಕ್ಕೆ ಡೌನ್‌ರಿಗ್ಗರೇ ಇರಲಿಲ್ಲವಲ್ಲ ಎಂದು ಕೆಲವು ಸರಳ ಹೃದಯಿಗಳು ಸಮರ್ಥಿಸಬಹುದು. ಸಂಶೋಧಕನಿಗೆ ಇಂಥ ಸಮರ್ಥನೆಗಳು ನಿಷಿದ್ಧ. ಹಿಂದಿನವರು ಬರೆಯದೆ ಬಿಟ್ಟದ್ದನ್ನು ಅವರ ಲೋಪವೆಂದು ತೋರಿಸದಿದ್ದರೆ ಇಂದಿನವರ ಪ್ರಬಂಧಕ್ಕೆ ಜಾಗವೆಲ್ಲಿ?

4. ಐತಿಹ್ಯ

ಮಿಷಿಗನ್ ಸರೋವರಕ್ಕೆ ಸಾಲ್ಮನ್ ಮೀನು ಹುಟ್ಟಿನಿಂದ ಬಂದ ಆಸ್ತಿಯಲ್ಲ, ದತ್ತು. ಅಲ್ಲಿಯ ಮೂಲನಿವಾಸಿ ಲೇಕ್ ಟ್ರೌಟ್. ಹಡಗುಗಳಿಗಾಗಿ ತೋಡಿದ ವೆಲ್ಲಂಡ್ ಕಾಲುವೆಯ ದಾರಿ ಹಿಡಿದು ಲ್ಯಾಂಪ್ರಿ ಎಂಬ ರಕ್ತ ಹೀರುವ ಜೀವಿ 1930ರ ದಶಕದಲ್ಲಿ ಈ ಸರೋವರ ಸೇರಿತು. 1950ರ ದಶಕದ ಹೊತ್ತಿಗೆ ಟ್ರೌಟ್ ಹೇಳಹೆಸರಿಲ್ಲದಂತಾಯಿತು. ತಿನ್ನುವವರಿಲ್ಲದ ಸಂಭ್ರಮದಲ್ಲಿ, ಅದೇ ಹಾದಿಯಲ್ಲಿ ಒಳನುಗ್ಗಿದ್ದ ಏಲ್‌ವೈಫ್ ಎಂಬ ಸಣ್ಣ ಮೀನು ಲೆಕ್ಕ ತಪ್ಪಿ ಬೆಳೆಯಿತು. 1967ರ ಬೇಸಿಗೆಯಲ್ಲಿ ಅವು ಸಾಮೂಹಿಕವಾಗಿ ಸತ್ತು ಷಿಕಾಗೋ ಮತ್ತಿತರ ಊರುಗಳ ಮರಳದಂಡೆಗಳ ಮೇಲೆ ರಾಶಿ ಬಿದ್ದವು. ವಾಸನೆಯ ವರ್ಣನೆ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಹೊರತಾದುದು.

ಇದಕ್ಕೆ ಮದ್ದನ್ನು ಮಿಷಿಗನ್ ಸರ್ಕಾರದ ಹವರ್ಡ್ ಟ್ಯಾನರ್ ಮತ್ತು ವೇಯ್ನ್ ಟೋಡಿ ಮೊದಲೇ ಯೋಚಿಸಿದ್ದರು. ಪೆಸಿಫಿಕ್ ಕಡೆಯಿಂದ ಕೋಹೋ ಸಾಲ್ಮನ್ ಮೊಟ್ಟೆ ತರಿಸಿ, ಮರಿ ಮಾಡಿ, 1966ರ ವಸಂತದಲ್ಲಿ ಪ್ಲ್ಯಾಟ್ ನದಿ ಮುಂತಾದೆಡೆ ಬಿಟ್ಟರು. ಮರುವರ್ಷ ಚಿನೂಕ್ ಸಾಲ್ಮನ್ ಬಂತು. ಬಂದವರು ಏಲ್‌ವೈಫನ್ನು ಹೊಟ್ಟೆ ತುಂಬ ತಿಂದು ಕೊಬ್ಬಿದರು. ಕೊಬ್ಬಿದ ಮೀನಿನ ಸುದ್ದಿ ಹರಡಿ ಜನ ದೋಣಿ ಇಳಿಸಿದರು. ಒಂದು ಕಾಲುವೆ, ಒಂದು ರಕ್ತಪಿಪಾಸು, ಒಂದು ದುರ್ವಾಸನೆ, ಇಬ್ಬರು ಅಧಿಕಾರಿಗಳು: ಇಷ್ಟು ಕಾರಣಗಳ ಸರಪಳಿಯ ತುದಿಯಲ್ಲಿ ನಮ್ಮ ಕ್ಲಿಪ್ಪು ನೇತಾಡುತ್ತಿದೆ. ಕಾರಣವಿಲ್ಲದೆ ಕಾರ್ಯವಿಲ್ಲ ಎಂಬುದು ಇಲ್ಲಿಗೆ ಸಿದ್ಧವಾಯಿತು.

5. ಉಪಕರಣ ಲಕ್ಷಣ

ಚಿನೂಕ್‌ಗೆ ಹಿತವಾದ ನೀರು ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್. ಜುಲೈ, ಆಗಸ್ಟ್‌ನಲ್ಲಿ ಮೇಲಿನ ನೀರು ಕಾದು ಹಗುರಾಗಿ ಮೇಲೇ ಉಳಿಯುತ್ತದೆ. ಕೆಳಗೆ ತಣ್ಣೀರಿನ ಪದರ. ಎರಡರ ಗಡಿಯಲ್ಲಿ, ಕೆಲವೇ ಅಡಿಗಳ ಅಂತರದಲ್ಲಿ, ಉಷ್ಣತೆ ಸರ್ರನೆ ಇಳಿಯುತ್ತದೆ. ಮೀನು ಆ ಗಡಿಯ ಆಸುಪಾಸಿನಲ್ಲಿ, 60 ಅಡಿಯಲ್ಲೋ 90 ಅಡಿಯಲ್ಲೋ ಓಡಾಡುತ್ತದೆ. ಮೇಲೆ ತೇಲುವ ಗಾಳ ಅದರ ಪಾಲಿಗೆ ಇಲ್ಲದಂತೆಯೇ.

ಹಾಗಾಗಿ ದೋಣಿಯ ಹಿಂಬದಿಗೆ ಒಂದು ರಾಟೆ. ರಾಟೆಯಲ್ಲಿ ಸ್ಟೀಲ್ ತಂತಿ, ತಂತಿಯ ತುದಿಯಲ್ಲಿ 10-12 ಪೌಂಡಿನ ಸೀಸದ ಗುಂಡು, ಎಷ್ಟು ಅಡಿ ಇಳಿಯಿತೆಂದು ತೋರಿಸಲು ಒಂದು ಮೀಟರು. ಗುಂಡಿನ ಬಳಿ ಕ್ಲಿಪ್ಪು. ಗಾಳದ ದಾರದ ಸಂಸಾರ ಬೇರೆಯೇ. ಅದು ಕೋಲಿನ ತುದಿಯಿಂದ ಇಳಿದು, ಕ್ಲಿಪ್ಪಿನ ಬಾಯಿಗೆ ಸಿಕ್ಕು, ಅಲ್ಲಿಂದ ಹಿಂದಕ್ಕೆ 10 ಅಡಿಯೋ 60 ಅಡಿಯೋ ಹರಿದು, ಕೊನೆಯಲ್ಲಿ ಸ್ಪೂನ್ ಎಂಬ ಬಣ್ಣ ಬಳಿದ ತಗಡಿನ ಎರೆಯನ್ನು ಕುಣಿಸುತ್ತದೆ.

ಗುಂಡನ್ನು ದಾರಕ್ಕೇ ಕಟ್ಟಿಬಿಟ್ಟರೆ ಆಗದೆ? ಆಗುತ್ತದೆ. ಆದರೆ ಮೀನಿನ ಜತೆಗೆ ಅಷ್ಟೂ ಸೀಸವನ್ನು ಸುತ್ತಿ ಮೇಲೆತ್ತಬೇಕು. ದಾರ ಹಗ್ಗವಾಗಬೇಕು, ಕೋಲು ಕಂಬವಾಗಬೇಕು. ಕ್ಲಿಪ್ಪು ಇರುವುದರಿಂದ ಮೀನು ಕಚ್ಚಿದ ಕ್ಷಣ ಸೀಸ ಸೀಸದ ಪಾಡಿಗೆ, ಮೀನು ಮನುಷ್ಯನ ಪಾಡಿಗೆ. ಮಿಷಿಗನ್‌ನ ಅತಿ ದೊಡ್ಡ ಚಿನೂಕ್ 2021ರಲ್ಲಿ ಲಡಿಂಗ್‌ಟನ್ ಬಳಿ ಸಿಕ್ಕಿತು; ತೂಕ 47.86 ಪೌಂಡ್, ಹೆಚ್ಚುಕಡಿಮೆ 21.7 ಕಿಲೋ. ಅಷ್ಟು ಗಾತ್ರದ ಮೀನು ಎಳೆದರೆ ಯಾವ ಕ್ಲಿಪ್ಪಾದರೂ ಬಾಯಿ ಬಿಡುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಸಿದ್ಧಾಂತ ನಿಂತಿರುವುದು ಇದರ ಮೇಲೆಯೇ.

6. ಕ್ಲಿಪ್ ಪ್ರಭೇದ ಮತ್ತು ಪಂಥಗಳು

ಒಂದು, ಚಿಮಟ ಪಂಥ. ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಒಳಗಡೆ ಎರಡು ರಬ್ಬರ್ ಮೆತ್ತೆ ಅಂಟಿಸಿದರೆ ಈ ಜಾತಿ ಸಿದ್ಧ. ಅಕ್ಷರಶಃ ಬಟ್ಟೆ ಕ್ಲಿಪ್ಪಿನಿಂದಲೇ ಮನೆಯಲ್ಲಿ ಮಾಡಿಕೊಂಡವರೂ ಇದ್ದಾರೆ. ದಾರವನ್ನು ಮೆತ್ತೆಯ ಅಂಚಿನಲ್ಲಿ ಇಟ್ಟರೆ ಸಡಿಲ. ಸ್ಪ್ರಿಂಗಿನ ಕಡೆಗೆ ಒಳಕ್ಕೆ ತಳ್ಳಿದಷ್ಟೂ ಬಿಗಿ. ಕೆಲವಕ್ಕೆ ಸ್ಪ್ರಿಂಗನ್ನೇ ಹಿಂದುಮುಂದು ಸರಿಸಬಹುದು. ದಾರಕ್ಕೆ ಗಾಯವಾಗುವುದಿಲ್ಲ, ಕಲಿಯುವವರಿಗೆ ಸಲೀಸು. ದೋಷವೆಂದರೆ, ಮೆತ್ತೆಯ ಮೇಲೆ ದಿನಕಳೆದಂತೆ ದಾರದ ಜಾಡು ಕೊರೆದು ಕೂರುತ್ತದೆ. ಆಮೇಲೆ ಎಲ್ಲಿಟ್ಟರೂ ದಾರ ತನ್ನ ಹಳೇ ಜಾಡಿಗೇ ಜಾರುತ್ತದೆ.

ಎರಡು, ತಿರುಪು ಪಂಥ. ಇಲ್ಲಿ ದಾರವನ್ನು ಮೆತ್ತೆ ಒತ್ತುವುದಿಲ್ಲ. ಒಂದು ಸಣ್ಣ ಕೊಕ್ಕೆ ಅಥವಾ ಅಗುಳಿ ತಡೆಯುತ್ತದೆ. ಅಗುಳಿ ಎಷ್ಟು ಎಳೆತಕ್ಕೆ ಕಳಚಬೇಕು ಎಂಬುದನ್ನು ತಿರುಪು ನಿರ್ಧರಿಸುತ್ತದೆ. ಒಮ್ಮೆ ಹೊಂದಿಸಿದರೆ ಪ್ರತಿ ಸಲವೂ ಅದೇ ಬಿಗಿತ. ಈ ಪಂಥದವರು ಸ್ವಭಾವತಃ ಇಂಜಿನಿಯರುಗಳು. ಅರ್ಧ ಸುತ್ತು ತಿರುಗಿಸಬೇಕೋ ಕಾಲು ಸುತ್ತೋ ಎಂಬ ಚರ್ಚೆಯಲ್ಲಿ ಮೀನು ಕಚ್ಚುವ ಮುಂಜಾವು ಕಳೆದುಹೋದರೂ ಅವರಿಗೆ ವಿಷಾದವಿಲ್ಲ.

ಮೂರು, ದ್ವೈತ ಪಂಥ. ಒಂದೇ ಕ್ಲಿಪ್ಪಿನಲ್ಲಿ ಎರಡು ಹೊಂದಾಣಿಕೆ: ದೋಣಿಯ ಕಡೆಯ ಎಳೆತಕ್ಕೆ ಒಂದು, ಮೀನಿನ ಕಡೆಯ ಎಳೆತಕ್ಕೆ ಇನ್ನೊಂದು. ಕೋಲನ್ನು ಎಷ್ಟು ಬಗ್ಗಿಸಿದರೂ ಜಗ್ಗದೆ, ಗಾಳದ ಕಡೆಯಿಂದ ಚಿಕ್ಕ ಮೀನು ತುಸು ಎಳೆದರೂ ಬಿಡುವಂತೆ ಮಾಡಬಹುದು. ತತ್ತ್ವ ಅತ್ಯುತ್ತಮ. ಬೆಳಗಿನ ಕತ್ತಲಲ್ಲಿ, ಒದ್ದೆ ಬೆರಳುಗಳಲ್ಲಿ, ಯಾವ ತಿರುಪು ಯಾವ ಎಳೆತದ್ದೆಂದು ನೆನಪಿಡುವುದೊಂದೇ ಸಾಧನೆ.

ನಾಲ್ಕು, ರಬ್ಬರ್ ಬ್ಯಾಂಡ್ ಪಂಥ. ತರಕಾರಿ ಕಟ್ಟಿಗೆ ಹಾಕುವಂಥ ಬ್ಯಾಂಡನ್ನು ದಾರಕ್ಕೆ ಕುಣಿಕೆ ಹಾಕಿ ತಂತಿಯ ಕೊಕ್ಕೆಗೆ ಸಿಕ್ಕಿಸುತ್ತಾರೆ. ಮೀನು ಎಳೆದಾಗ ಬ್ಯಾಂಡ್ ಕಿತ್ತುಹೋಗುತ್ತದೆ. ಬಿಗಿತ ಬದಲಿಸಬೇಕೆಂದರೆ ಬೇರೆ ಗಾತ್ರದ ಬ್ಯಾಂಡು. ಅತಿ ಅಗ್ಗ, ಅತಿ ಪ್ರಾಚೀನ, ಅತಿ ಹಟಮಾರಿ ಪಂಥ. ತುಂಡಾದ ರಬ್ಬರ್ ದಾರಕ್ಕೇ ಅಂಟಿಕೊಂಡು ಬಂದು ಕೋಲಿನ ಬಳೆಯಲ್ಲಿ ಸಿಕ್ಕಿಕೊಳ್ಳುವುದನ್ನು ಅವರು ದೋಷವೆಂದು ಒಪ್ಪುವುದಿಲ್ಲ, ಪ್ರಾರಬ್ಧ ಎನ್ನುತ್ತಾರೆ.

ಆಯ್ಕೆಯ ಸೂತ್ರ ಇಷ್ಟೇ. ನೈಲಾನ್ ಎಳೆಯಾದರೆ ಚಿಮಟ ಸಾಕು. ಹೆಣೆದ ದಾರವಾದರೆ ಅದು ತೆಳು, ನುಣುಪು; ಮೆತ್ತೆಯ ನಡುವಿನಿಂದ ಜಾರುತ್ತದೆ, ಮೆತ್ತೆಯನ್ನೂ ಕೊಯ್ಯುತ್ತದೆ. ಅದಕ್ಕೆ ದಾರವನ್ನು ನಾಲ್ಕಾರು ಸುತ್ತು ಹೊಸೆದು ಕುಣಿಕೆ ಮಾಡಿ ಅಗುಳಿಗೆ ಹಾಕಬೇಕು, ಇಲ್ಲವೆ ರಬ್ಬರ್ ಬ್ಯಾಂಡಿಗೆ ಶರಣಾಗಬೇಕು. ಬರಿಯ ಸ್ಪೂನಿಗೆ ಹಗುರ ಬಿಗಿತ. ಸ್ಪೂನಿನ ಮುಂದೆ ಗಿರಗಿರನೆ ತಿರುಗುವ ಫ್ಲ್ಯಾಶರ್ ಹಲಗೆ ಇದ್ದರೆ ಅದೇ ಬೇಕಾದಷ್ಟು ಎಳೆಯುವುದರಿಂದ ಹೆಚ್ಚು ಬಿಗಿತ.

7. ದೋಷತ್ರಯ

ಯಾವುದೇ ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ಸಾಧ್ಯವೆಂದು ತಾರ್ಕಿಕರು ಹೇಳಿದ್ದಾರೆ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಬಂದು ಅತಿವ್ಯಾಪ್ತಿ. ಕಪ್ಪಗಿರುವುದು ಹಸು ಎಂದರೆ ಬಿಳಿ ಹಸು ಹೊರಗುಳಿದು ಅವ್ಯಾಪ್ತಿ. ಒಂಟಿ ಗೊರಸಿನದು ಹಸು ಎಂದರೆ ಯಾವ ಹಸುವೂ ಸಿಗದೆ ಅಸಂಭವ. ತಾರ್ಕಿಕರು ಸಾಲ್ಮನ್ ಹಿಡಿದವರಲ್ಲ, ಆದರೂ ಮೂರು ದೋಷಗಳೂ ಕ್ಲಿಪ್ಪಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಪ್ಪುತ್ತವೆ.

ಕ್ಲಿಪ್ಪು ತೀರ ಸಡಿಲವಾದರೆ ಅತಿವ್ಯಾಪ್ತಿ. ಮೀನಲ್ಲದ್ದಕ್ಕೂ ಬಾಯಿ ಬಿಡುತ್ತದೆ. ಅಲೆ ಎದ್ದು ದೋಣಿ ಕುಕ್ಕಿದಾಗ ಬಿಡುತ್ತದೆ, ಪಾಚಿಯ ಎಳೆ ಸಿಕ್ಕಿದಾಗ ಬಿಡುತ್ತದೆ, ತಿರುವಿನಲ್ಲಿ ಬಿಡುತ್ತದೆ. ಕೋಲು ಸೆಟೆದು ನಿಂತಿತೆಂದು ಓಡಿಹೋಗಿ ಸುತ್ತಿದರೆ ತುದಿಯಲ್ಲಿ ತಗಡು ಮಾತ್ರ. ಮತ್ತೆ 90 ಅಡಿ ತಂತಿ ಎತ್ತಬೇಕು, ಮತ್ತೆ ದಾರ ಸಿಕ್ಕಿಸಬೇಕು, ಮತ್ತೆ ಇಳಿಸಬೇಕು.

ತೀರ ಬಿಗಿಯಾದರೆ ಅವ್ಯಾಪ್ತಿ. ನಿಜವಾದ ಮೀನಿಗೂ ಬಿಡುವುದಿಲ್ಲ. ಮೊಳದುದ್ದದ ಮರಿ ಸಾಲ್ಮನ್ ಕಚ್ಚಿ, ಕ್ಲಿಪ್ಪು ಬಿಡಿಸುವಷ್ಟು ಬಲವಿಲ್ಲದೆ, ಗುಂಡಿನ ಹಿಂದೆ ಎಳೆಸಿಕೊಂಡು ಹೋಗುತ್ತಿರುತ್ತದೆ. ದೋಣಿಯವರಿಗೆ ಸುದ್ದಿಯೇ ಇಲ್ಲ. ಈ ಸ್ಥಿತಿಯಲ್ಲಿ ಅದಕ್ಕೂ ಸುಖವಿಲ್ಲ, ಆ ಗಾಳಕ್ಕೆ ಬೇರೆ ಮೀನು ಬೀಳುವಂತೆಯೂ ಇಲ್ಲ.

ದಾರವನ್ನು ಗಂಟು ಹಾಕಿಯೇ ಬಿಟ್ಟರೆ ಅಸಂಭವ. ಅಂಥವರ ಜತೆ ವಾದಿಸುವುದು ಶಾಸ್ತ್ರದ ಕೆಲಸವಲ್ಲ.

8. ನೀರಿನ ಎಳೆತ

ಇಲ್ಲಿ ಪೂರ್ವಪಕ್ಷ ಹೀಗೆ ಏಳುತ್ತದೆ: ದೊಡ್ಡ ಮೀನಿಗೆ ಬಿಗಿ, ಸಣ್ಣ ಮೀನಿಗೆ ಸಡಿಲ, ಎಂದಮೇಲೆ ಹಿಡಿಯಬೇಕಾದ ಮೀನನ್ನು ನೋಡಿ ಕ್ಲಿಪ್ಪು ಹೊಂದಿಸುವುದೇ ಸರಿ. ಕೇಳಲು ಹಿತವಾಗಿದೆ, ನಿಲ್ಲುವುದಿಲ್ಲ. ಯಾವ ಮೀನು ಕಚ್ಚಬೇಕೆಂದು ಮೀನಿಗೆ ಯಾರೂ ಮೊದಲೇ ತಿಳಿಸಿರುವುದಿಲ್ಲ. ದೊಡ್ಡ ಮೀನು ಯಾವ ಕ್ಲಿಪ್ಪನ್ನಾದರೂ ಬಿಡಿಸುತ್ತದೆ ಎಂದು ಆಗಲೇ ಸಾಧಿಸಿದ್ದೇವೆ. ಹಾಗಾದರೆ ಬಿಗಿತ ಇರುವುದು ಯಾರನ್ನು ಎದುರಿಸಲು? ನೀರನ್ನು.

ದೋಣಿ ಸಾಗುವಾಗ ದಾರದ ಮೇಲೆ, ಸ್ಪೂನಿನ ಮೇಲೆ ನೀರು ಸದಾ ಎಳೆಯುತ್ತಿರುತ್ತದೆ. ಈ ಎಳೆತ ವೇಗದ ವರ್ಗಕ್ಕೆ ಅನುಗುಣ. ಸಾಲ್ಮನ್‌ಗೆ ಗಂಟೆಗೆ 2ರಿಂದ 3 ಮೈಲಿಯ ನಡಿಗೆ ರೂಢಿ. 2 ಮೈಲಿಯಿಂದ 2.5ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಕಾಲುಭಾಗ, ಎಳೆತ ಹೆಚ್ಚಿದ್ದು ಶೇ. 56. ಚಾಲಕ ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ಇನ್ನೊಂದು ಕೈಯಲ್ಲಿ ತುಸುವೇ ವೇಗ ಹೆಚ್ಚಿಸಿದ. ಹಿಂದೆ ನಾಲ್ಕು ಕ್ಲಿಪ್ಪುಗಳ ಜಾತಕವೇ ಬದಲಾಯಿತು. ದೋಣಿ ತಿರುಗುವಾಗ ಹೊರಬದಿಯ ಗಾಳಕ್ಕೆ ವೇಗ ಹೆಚ್ಚು, ಒಳಬದಿಯದಕ್ಕೆ ಕಡಿಮೆ. ಹೊರಬದಿಯ ಸಡಿಲ ಕ್ಲಿಪ್ಪು ಬಾಯಿ ಬಿಡುವುದು ಆಗಲೇ. ಮೇಲಿನ ನೀರು ಒಂದು ಕಡೆಗೆ, ಆಳದ ನೀರು ಇನ್ನೊಂದು ಕಡೆಗೆ ಹರಿಯುವ ದಿನಗಳೂ ಉಂಟು. ಆಗ ದೋಣಿಯ ವೇಗ ಬೇರೆ, ಗುಂಡಿನ ಬಳಿಯ ವೇಗ ಬೇರೆ.

ಆಳವೂ ಸುಮ್ಮನಿರುವುದಿಲ್ಲ. ಕೋಲಿನ ತುದಿಯಿಂದ ಕ್ಲಿಪ್ಪಿನವರೆಗಿನ ದಾರ ನೇರವಾಗಿ ಇಳಿಯದೆ ನೀರಿನ ಒತ್ತಡಕ್ಕೆ ಹಿಂದಕ್ಕೆ ಉಬ್ಬುತ್ತದೆ. ಇಳಿಸಿದಷ್ಟೂ ಉಬ್ಬು ದೊಡ್ಡದು, ಉಬ್ಬು ದೊಡ್ಡದಾದಷ್ಟೂ ಕ್ಲಿಪ್ಪಿನ ಮೇಲೆ ಎಳೆತ ಹೆಚ್ಚು. ಆದ್ದರಿಂದ 30 ಅಡಿಗೆ ಹದವಾದ ಬಿಗಿತ 100 ಅಡಿಗೆ ಸಾಲದು. ಗುಂಡಿನ ತಂತಿಯೂ ಹಿಂದಕ್ಕೆ ವಾಲುತ್ತದೆ: ಅದು ನೇರ ನಿಂತ ಗೆರೆಯಿಂದ 30 ಡಿಗ್ರಿ ವಾಲಿದರೆ, ಮೀಟರು 100 ಅಡಿ ಎಂದು ಘೋಷಿಸುತ್ತಿರುವಾಗ ಗುಂಡು ಇರುವುದು 87 ಅಡಿಯ ಸುಮಾರಿನಲ್ಲಿ. ಉಳಿದ 13 ಅಡಿಯನ್ನು ಮೀಟರು ಸರ್ಕಾರಿ ಅಂಕಿಅಂಶಗಳ ಕಡೆಯಿಂದ ಕಲಿತಿರಬಹುದು.

9. ಪ್ರಮಾಣ ವಿಚಾರ

ಕ್ಲಿಪ್ಪು 90 ಅಡಿ ಕೆಳಗಿದೆ, ಕಣ್ಣು ಮೇಲಿದೆ. ಹೀಗಿರುವಾಗ ಕೆಳಗೆ ನಡೆದದ್ದು ತಿಳಿಯುವುದು ಯಾವ ಪ್ರಮಾಣದಿಂದ? ಪ್ರತ್ಯಕ್ಷಕ್ಕೆ ಕೋಲಿನ ತುದಿಯೊಂದೇ ದಕ್ಕುತ್ತದೆ. ಗುಂಡು ಇಳಿದ ಮೇಲೆ ರೀಲು ಸುತ್ತಿ ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಇಡುತ್ತಾರೆ. ಕ್ಲಿಪ್ಪು ಬಿಟ್ಟರೆ ಕೋಲು ಚಟ್ಟನೆ ನೆಟ್ಟಗಾಗಿ ದಾರದ ಸಡಿಲವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಮನುಷ್ಯ ಕುರ್ಚಿಯಿಂದ ಏಳುವಷ್ಟರಲ್ಲಿ ಗಾಳ ಬಿಗಿಯಾಗಿರುತ್ತದೆ. ಬಗ್ಗಿಸದೆ ಇಟ್ಟರೆ ಕ್ಲಿಪ್ಪು ಬಿಟ್ಟದ್ದೂ ತಿಳಿಯದು, ಮೀನು ಬಿಟ್ಟದ್ದೂ ತಿಳಿಯದು. ಕೋಲು ನೆಟ್ಟಗಾಗದೆ ಬರೀ ತುದಿ ಮಿಡಿಯುತ್ತಿದ್ದರೆ ಅನುಮಾನ ಪ್ರಮಾಣಕ್ಕೆ ಬರಬೇಕು. ಡೆಟ್ರಾಯಿಟ್ ಕಡೆ ನೆಲೆಸಿದ ಭಾವ-ಮೈದುನರಿಬ್ಬರ ಕಲ್ಪಿತ ದೃಷ್ಟಾಂತದಿಂದ ಇದನ್ನು ಸ್ಪಷ್ಟಪಡಿಸಬಹುದು.

“ಭಾವ, ಎಡಗಡೆ ಕೋಲು ತಲೆ ಆಡಿಸ್ತಾ ಇದೆ, ನೋಡಿ.”

“ಅಲೆ ಕಣಯ್ಯ. ಸುಮ್ನೆ ಕೂತ್ಕೋ.”

“ಅಲೆ ಆದ್ರೆ ಬಲಗಡೆ ಕೋಲೂ ಆಡಿಸ್ಬೇಕಲ್ವಾ?”

“ಅದಕ್ಕೆ ಅದರದೇ ಅಲೆ ಇರುತ್ತೆ. ನಿಂಗೆ ಎಲ್ಲದರಲ್ಲೂ ತರ್ಕ.”

“ಒಂದ್ಸಲ ಎತ್ತಿ ನೋಡೋಣ್ವಾ?”

“ತೊಂಬತ್ತು ಅಡಿ ಇಳಿಸಿದ್ದೀನಿ ಮಾರಾಯ. ಈಗ ತಾನೇ ಕಾಫಿ ಬಗ್ಗಿಸ್ಕೊಂಡೆ.”

ಕಾಫಿ ಮುಗಿದ ಮೇಲೆ ಎತ್ತಿದರು. ಗುಂಡಿನ ಹಿಂದೆ ಮೊಳದುದ್ದದ ಕೋಹೋ ಮರಿ, ಈಜುವ ಆಸೆಯನ್ನೇ ಬಿಟ್ಟಂತೆ ಅಡ್ಡಡ್ಡ ಬರುತ್ತಿತ್ತು. ಭಾವ ಅದರ ಗಾಳ ಬಿಡಿಸಿ ನೀರಿಗೆ ಬಿಡುತ್ತ, “ನಾನು ಹೇಳ್ಲಿಲ್ವಾ, ಕ್ಲಿಪ್ಪು ಬಿಗಿ ಆಯ್ತು ಅಂತ” ಎಂದರು.

ಮೈದುನ ಪ್ರಯೋಗಿಸಿದ್ದು ನಿರ್ದುಷ್ಟ ಅನುಮಾನ. ಅಲೆ ಎರಡು ಕೋಲಿಗೂ ಸಮಾನ, ಮಿಡಿತ ಒಂದಕ್ಕೆ ಮಾತ್ರ, ಆದ್ದರಿಂದ ಕಾರಣ ಅಲೆಯಲ್ಲ. ಭಾವ ಪ್ರಯೋಗಿಸಿದ್ದು ಶಬ್ದ ಪ್ರಮಾಣ: ಹಿರಿಯರ ವಾಕ್ಯ. ಅದರ ವೈಶಿಷ್ಟ್ಯವೆಂದರೆ ಘಟನೆ ನಡೆದ ಮೇಲೆ ಹೇಳಿದರೂ ಮೊದಲೇ ಹೇಳಿದಂತೆ ಪರಿಗಣಿತವಾಗುವುದು. ಇನ್ನು ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬ ಅರ್ಥಾಪತ್ತಿ: ಕೋಲು ಅಲ್ಲಾಡಲಿಲ್ಲ, ಆದರೂ ಮೇಲೆ ಬಂದ ಸ್ಪೂನಿನ ಬಣ್ಣದಲ್ಲಿ ಹೊಸ ಹಲ್ಲಿನ ಗೀರಿದೆ, ಆದ್ದರಿಂದ ಯಾರೋ ಬಂದು, ರುಚಿ ನೋಡಿ, ಬಿಗಿ ಕ್ಲಿಪ್ಪಿನ ದೆಸೆಯಿಂದ ವರದಿಯಾಗದೆ ಹೋಗಿದ್ದಾರೆ.

10. ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪ: ಚಿನೂಕ್‌ನ ಬಾಯಿ ಗಟ್ಟಿ. ಕ್ಲಿಪ್ಪು ಬಿಗಿಯಾಗಿದ್ದರೆ, ಬಿಡುವ ಮೊದಲೇ ಗುಂಡಿನ ಭಾರಕ್ಕೆ ಗಾಳ ಚೆನ್ನಾಗಿ ನಾಟುತ್ತದೆ. ಆದ್ದರಿಂದ ಬಿಗಿಯೇ ಮೇಲು.

ಸಮಾಧಾನ: ಅರ್ಧ ಒಪ್ಪಿದೆವು. ಚಿನೂಕ್‌ಗೆಂದೇ ಹೊರಟವರು ತುಸು ಬಿಗಿ ಇಡಬಹುದು. ಆದರೆ ಗಾಳ ಮೊಂಡಾಗಿದ್ದರೆ ಕ್ಲಿಪ್ಪಿನ ಬಿಗಿತದಿಂದ ಅದು ಚೂಪಾಗುವುದಿಲ್ಲ. ಕಲ್ಲಿಗೆ ಎರಡು ಸಲ ಉಜ್ಜಿದರೆ ಮುಗಿಯುವ ಕೆಲಸವನ್ನು ಸಿದ್ಧಾಂತದಿಂದ ಮಾಡಿಸುವುದು ಗೌರವದೋಷ, ಅಂದರೆ ಅನಗತ್ಯ ಭಾರ.

ಆಕ್ಷೇಪ: ಕೋಲು ಬಗ್ಗಿಸಿದರೆ ರೀಲಿನಿಂದ ದಾರ ತಾನಾಗಿ ಜಾರುತ್ತದೆ, ಕ್ಲಿಪ್ಪು ಬಿಡುವುದೇ ಇಲ್ಲ. ಇದು ಕ್ಲಿಪ್ಪಿನ ದೋಷವಲ್ಲವೆ?

ಸಮಾಧಾನ: ಅಲ್ಲ, ರೀಲಿನ ಬ್ರೇಕಿನದು. ಬ್ರೇಕು ಕ್ಲಿಪ್ಪಿಗಿಂತ ಸಡಿಲವಾಗಿದ್ದರೆ ಮೀನು ಎಳೆದಾಗ ಮೊದಲು ಹರಿಯುವುದು ರೀಲು. ಪಕ್ಕದ ಮನೆಯ ತಪ್ಪಿಗೆ ನಮ್ಮ ಕ್ಲಿಪ್ಪನ್ನು ದೂರಬಾರದು.

ಆಕ್ಷೇಪ: ನೀರಿನಲ್ಲಿ ಬೇರೆ ಬೇರೆ ಲೋಹಗಳು ಮುಳುಗಿದರೆ ಸಣ್ಣ ವಿದ್ಯುತ್ ಹುಟ್ಟುತ್ತದೆ, ಸ್ಟೀಲ್ ತಂತಿಯ ಸುತ್ತ ಒಂದು ವೋಲ್ಟಿಗೂ ಕಡಿಮೆಯ ಈ ವಿದ್ಯುತ್ತು ಹದವಾಗಿದ್ದರೆ ಸಾಲ್ಮನ್ ಹತ್ತಿರ ಬರುತ್ತದೆ ಎಂದು ಪೆಸಿಫಿಕ್ ಕರಾವಳಿಯವರು ನಂಬುತ್ತಾರೆ, ಅದನ್ನು ಹದಗೊಳಿಸುವ ಕಪ್ಪು ಪೆಟ್ಟಿಗೆಗಳನ್ನೂ ಮಾರುತ್ತಾರೆ. ಹೀಗಿರುವಾಗ ಕ್ಲಿಪ್ಪಿಗೇಕೆ ಇಷ್ಟು ಪ್ರಾಧಾನ್ಯ?

ಸಮಾಧಾನ: ವಿದ್ಯುತ್ತು ಮೀನನ್ನು ಬಾಗಿಲವರೆಗೆ ಕರೆತರಬಹುದು. ಬಾಗಿಲು ತೆರೆಯಬೇಕಾದದ್ದು ಕ್ಲಿಪ್ಪು. ಅಷ್ಟಕ್ಕೂ ವೋಲ್ಟು ಒಂದು ಪಕ್ಷ, ವೋಲ್ಟಿನ ಬಗ್ಗೆ ನಡೆಯುವ ವಾಗ್ವಾದ ಇನ್ನೊಂದು ಪಕ್ಷ; ಶಾಖ ಹೆಚ್ಚು ಎರಡನೆಯದರಲ್ಲಿ.

11. ಪ್ರಯೋಗ ವಿಧಿ

ಸ್ಪೂನನ್ನು ನೀರಿಗೆ ಬಿಟ್ಟು, ದೋಣಿಯ ಪಕ್ಕದಲ್ಲೇ ಅದು ಸರಿಯಾಗಿ ಕುಣಿಯುತ್ತಿದೆಯೇ ನೋಡಿ. ಬೇಕಾದಷ್ಟು ಉದ್ದ ಹರಿಯಬಿಡಿ: ತಿಳಿನೀರಿನಲ್ಲಿ, ಮೇಲ್ಪದರದಲ್ಲಿ ಉದ್ದ ಹೆಚ್ಚಿರಲಿ, ಆಳಕ್ಕೆ ಇಳಿಸುವಾಗ ಕಡಿಮೆ ಸಾಕು. ಗುಂಡು ಇನ್ನೂ ಕೈಗೆಟಕುವಲ್ಲಿ ಇರುವಾಗಲೇ ದಾರವನ್ನು ಕ್ಲಿಪ್ಪಿಗೆ ಕಚ್ಚಿಸಿ.

ಈಗ ಮುಖ್ಯ ಸಂಸ್ಕಾರ. ಕ್ಲಿಪ್ಪಿನ ಹಿಂದಿನ ದಾರವನ್ನು ಎರಡು ಬೆರಳಲ್ಲಿ ಹಿಡಿದು, ಮೀನು ಎಳೆಯುವ ದಿಕ್ಕಿಗೆ ಎಳೆಯಿರಿ. ಬೆರಳಿಗೆ ಸ್ಪಷ್ಟ ತಡೆ ಸಿಕ್ಕು, ಆಮೇಲೆ ಟಕ್ಕೆಂದು ಬಿಡಬೇಕು. ಮುಟ್ಟಿದೊಡನೆ ಬಿಟ್ಟರೆ ದಾರವನ್ನು ತುಸು ಒಳಕ್ಕೆ ತಳ್ಳಿ, ಅಥವಾ ತಿರುಪನ್ನು ತುಸು ಬಿಗಿಮಾಡಿ. ಬೆರಳಿಗೆ ದಾರ ಕೊಯ್ದರೂ ಬಿಡದಿದ್ದರೆ ಹೊರಕ್ಕೆ ತನ್ನಿ. ಬೆರಳನ್ನು ನಂಬದವರಿಗೆ ಸ್ಪ್ರಿಂಗ್ ತಕ್ಕಡಿ ಉಂಟು. ಅದನ್ನು ದಾರಕ್ಕೆ ಸಿಕ್ಕಿಸಿ ಎಳೆದರೆ ಎಲ್ಲ ಕ್ಲಿಪ್ಪುಗಳನ್ನೂ ಒಂದೇ ಅಳತೆಗೆ ತರಬಹುದು. ದಾರವನ್ನು ಮತ್ತೆ ಕಚ್ಚಿಸಿ, ರೀಲಿನ ಮೇಲೆ ಹೆಬ್ಬೆರಳಿಟ್ಟು, ಗುಂಡನ್ನು ನಿಧಾನವಾಗಿ ಇಳಿಸಿ. ದಡಬಡ ಇಳಿಸಿದರೆ ಸ್ಪೂನು ತಿರುಗಿ ತಂತಿಗೇ ಸುತ್ತಿಕೊಳ್ಳುತ್ತದೆ. ಆಳ ತಲುಪಿದ ಮೇಲೆ ಕೋಲನ್ನು ಹಿಡಿಕೆಯಲ್ಲಿ ನಿಲ್ಲಿಸಿ, ತುದಿ ಬಾಗುವವರೆಗೆ ಸುತ್ತಿ. ಸುತ್ತುವಾಗಲೇ ಕ್ಲಿಪ್ಪು ಬಿಟ್ಟರೆ ಆ ಆಳಕ್ಕೆ, ಆ ವೇಗಕ್ಕೆ ಅದು ಸಡಿಲ. ಒಂದು ತಿರುವು ಹಾಕಿ ನೋಡಿ. ತಿರುವಿನಲ್ಲೂ ನಿಂತರೆ ಹದ ಸಿಕ್ಕಿತು. ಅದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚು ಬಿಗಿ ಬೇಡ.

12. ನಿರ್ಣಯ

ಇಷ್ಟು ದೂರ ಬಂದ ವಿದ್ವಾಂಸರಿಗೆ ತೀರ್ಪು ಒಂದೇ ವಾಕ್ಯದಲ್ಲಿ: ಆ ದಿನದ ವೇಗ, ಆಳ, ಅಲೆ ಮೂರನ್ನೂ ತಡೆದು ನಿಲ್ಲುವ ಅತಿ ಕಡಿಮೆ ಬಿಗಿತವೇ ಸರಿಯಾದ ಬಿಗಿತ. ಕ್ಲಿಪ್ಪನ್ನು ನೀರಿಗೆ ಹೊಂದಿಸಿ. ಮೀನು ತನ್ನ ಪಾಲಿನದನ್ನು ತಾನು ನೋಡಿಕೊಳ್ಳುತ್ತದೆ. ನಾಲ್ಕು ಪಂಥಗಳಲ್ಲಿ ಯಾವುದನ್ನು ಹಿಡಿದರೂ ಈ ತೀರ್ಪು ಬದಲಾಗದು. ಬದಲಾಗುವುದು ವಾದದ ಉದ್ದ ಮಾತ್ರ.

ಉಳಿದಿರುವುದು ಓದುಗರಲ್ಲಿ ಒಂದು ವಿನಂತಿ. ಬಹಳ ಹೊತ್ತು ಯಾವ ಕೋಲೂ ಸೆಟೆಯದಿದ್ದರೆ, ಅಥವಾ ಒಂದೇ ಕೋಲಿನ ತುದಿ ಸುಮ್ಮನೆ ಮಿಡಿಯುತ್ತಿದ್ದರೆ, ಕಾಫಿ ಲೋಟ ಕೆಳಗಿಟ್ಟು ಗುಂಡನ್ನು ಮೇಲೆತ್ತಿ ನೋಡಿ. ಮರಿ ಸಿಕ್ಕಿಕೊಂಡಿದ್ದರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ನೀರಿಗೆ ಬಿಡಿ. ಜಾಡು ಬಿದ್ದ ರಬ್ಬರ್ ಮೆತ್ತೆಗಳನ್ನು ಆಯಾ ವರ್ಷವೇ ಬದಲಿಸಿ. ಕಿತ್ತುಹೋದ ಬ್ಯಾಂಡುಗಳನ್ನು ಸರೋವರಕ್ಕೆ ಎಸೆಯದೆ ಜೇಬಿಗೆ ಹಾಕಿಕೊಳ್ಳಿ.